ಬಿಟ್ಟಿಗೆ ಹೋದ ಮಾತು

ಕೇರಿಯ ಮಾತಿಗೆ ನಿಘಂಟಿನಲ್ಲಿ ಜಾಗ ಸಿಕ್ಕಿಲ್ಲ ಎನ್ನುವುದು ದಲಿತ ವಿಮರ್ಶೆ ಬಹಳ ದಿನದಿಂದ ಹೇಳಿಕೊಂಡು ಬಂದ ದೂರು. ಈ ದೂರು ಅರ್ಧ ಮಾತ್ರ ಖರೆ ಅಂತ ಈಚೆಗೆ ನನಗೆ ಅನಿಸತೊಡಗಿದೆ. ಎಷ್ಟೋ ಮಾತುಗಳು ನಿಘಂಟಿನಲ್ಲಿ ಇವೆ. ಶಾಸನಗಳಲ್ಲಿವೆ, ವಚನಗಳಲ್ಲಿವೆ, ಹಳೆಯ ಕಂದಾಯದ ದಫ್ತರಗಳಲ್ಲಿವೆ. ಮಾತು ಇದೆ, ಅದರ ಅರ್ಥದ ಒಡೆತನ ಕೈ ಬದಲಾಗಿದೆ. ಹೊಲ ಇದ್ದಲ್ಲೇ ಇದ್ದು ಉತಾರದಾಗ ಹೆಸರು ಬೇರೆಯವರದಾದ ಹಾಗೆ. ಹೀಗೆ ಕೈ ಬದಲಾದ ಮಾತು ಕೆಲವು ತಲೆಮಾರು ಕಳೆದ ಮೇಲೆ ಬಾಯಿಂದ ಬಾಯಿಗೆ ಉರುಳಿ ಹಲ್ಕಾ ಮಾತಾಗುತ್ತದೆ, ಬೈಗುಳವಾಗುತ್ತದೆ, ಚೇಷ್ಟೆಯಾಗುತ್ತದೆ. ಅದನ್ನು ಆಡುವವನಿಗೂ ಕೇಳುವವನಿಗೂ ಅದರ ಮೂಲ ನೆನಪಿರುವುದಿಲ್ಲ. ಇಂಥ ಮಾತುಗಳ ಹಳೆಯ ಅರ್ಥವನ್ನು ಹಳೆಯ ಬರವಣಿಗೆಯಿಂದ ಎತ್ತಿ ತೆಗೆಯುವುದು ಹೇಗೆ ಎಂಬುದನ್ನು ಮೂರು ನಾಲ್ಕು ಉದಾಹರಣೆಗಳ ಮೂಲಕ ವಿವರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ. ಉದಾಹರಣೆಗಳು ನನ್ನ ಸೀಮೆಯವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಡುವೆ ಬಸ್ಸಿನಲ್ಲಿ ತಿರುಗಾಡುತ್ತ ಕೂಡಿಸಿದವು.

ಮೊದಲನೆಯ ಮಾತು ನನ್ನ ಮೈಮೇಲೆಯೇ ಬಿದ್ದದ್ದು. ನಾನು ಸರಕಾರಿ ಹಾಸ್ಟೆಲ್ಲಿನಲ್ಲಿದ್ದು ಓದಿದವನು. ಎಂಟನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರೊಬ್ಬರು ಲೆಕ್ಕ ತಪ್ಪಿದ ನಮ್ಮನ್ನು ಸಾಲಾಗಿ ನಿಲ್ಲಿಸಿ, 'ಬಿಟ್ಟಿ ಕೂಳು ತಿಂದು ಬರ್ತೀರಿ, ತಲಿಗೆ ಹೆಂಗ ಹತ್ತಬೇಕು' ಎಂದರು. ಇಡೀ ವರ್ಗ ನಕ್ಕಿತು. ನಾನೂ ನಕ್ಕೆ ಅಂತ ನೆನಪು. ಆಗ ಆ ಮಾತಿನಲ್ಲಿ ಬೈಗುಳ ಇರುವುದು 'ಕೂಳು' ಎಂಬ ಶಬ್ದದಲ್ಲಿ ಅಂತ ತಿಳಿದಿದ್ದೆ. 'ಬಿಟ್ಟಿ' ಎಂದರೆ ಪುಕ್ಕಟ, ಅಷ್ಟೇ.

ಹದಿನೈದು ವರ್ಷದ ಮೇಲೆ, ಎಂ.ಎ. ಮುಗಿಸಿ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ, ಒಂದು ಬೇಸಿಗೆಯಲ್ಲಿ ನಮ್ಮ ಆಯಿಯನ್ನು ಮಾತಿಗೆ ಕೂಡ್ರಿಸಿದೆ. ಆಯಿಯ ತವರು ರಾಮದುರ್ಗ ತಾಲೂಕಿನ ಹಳ್ಳಿ. ಆಕೆ ಹುಟ್ಟಿದಾಗ ಅದು ಭಾವೆ ಮನೆತನದ ಸಂಸ್ಥಾನ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ತನ್ನ ಅಪ್ಪನ ಬಗ್ಗೆ ಹೇಳುತ್ತ ಆಯಿ ಅಂದಳು: 'ನಮ್ಮಪ್ಪನ್ನ ಯಾವಾಗ ಬೇಕಾವಾಗ ಬಿಟ್ಟಿ ಹಿಡೀತಿದ್ರು ತಮ್ಮಾ. ಬಿಟ್ಟಿಗಿ ಹ್ವಾದಂವ ಯಾವಾಗ ಬರ್ತಾನ ಹೇಳಾಕ ಬರ್ತಿದ್ದಿಲ್ಲ. ಮನ್ಯಾಗಿನ ರೊಟ್ಟಿ ಕಟಗೊಂಡ ಹೋಗ್ಬೇಕು. ಬಂದಮ್ಯಾಲ ನಮ್ಮವ್ವ ಹೆಗಲಿಗಿ ಎಣ್ಣಿ ತಿಕ್ಕತಿದ್ಲು.'

ನಾನು ಮಾಸ್ತರರ ಮಾತು ಹೇಳಿದೆ. ಆಯಿಗೆ ಅದು ಬೈಗುಳ ಅಂತ ತಿಳಿಯಲೇ ಇಲ್ಲ. ಮಾತು ತಪ್ಪಿದೆ ಅಂತ ತಿಳಿದಳು. 'ಬಿಟ್ಟಿಯೊಳಗ ಕೂಳ ಎಲ್ಲೀದಪಾ?' ಎಂದು ಕೇಳಿದಳು.

ಇಡೀ ಲೇಖನದ ಬೀಜ ಈ ಪ್ರಶ್ನೆಯಲ್ಲಿದೆ. ನನ್ನ ಕಿವಿಯಲ್ಲಿ 'ಬಿಟ್ಟಿ' ಒಂದು ವಿಶೇಷಣ: ಬಿಟ್ಟಿ ಊಟ, ಬಿಟ್ಟಿ ಪುಸ್ತಕ, ಬಿಟ್ಟಿ ಸಿಕ್ಕಿತು. ಆಯಿಯ ಬಾಯಲ್ಲಿ ಅದು ನಾಮಪದ. ಹೋಗಬೇಕಾದ ಒಂದು ಸ್ಥಳದ ಹಾಗೆ, ಹಿಡಿಯುವ ಒಂದು ರೋಗದ ಹಾಗೆ. ನಮ್ಮ ಬಳಕೆಯಲ್ಲಿ ಅದರ ಜೊತೆ ಬರುವ ಕ್ರಿಯಾಪದಗಳು 'ಸಿಗು', 'ತಿನ್ನು', 'ಕೊಡು'. ಆಯಿಯ ಬಳಕೆಯಲ್ಲಿ 'ಹೋಗು', 'ಹಿಡಿ', 'ಮಾಡು'. ಪುಕ್ಕಟ ಎಂಬ ಶಬ್ದ ಆಯಿಗೂ ಗೊತ್ತು. ಕೈಗೆ ಬಂದದ್ದು ಪುಕ್ಕಟ, ಮೈಯಿಂದ ಹೋದದ್ದು ಬಿಟ್ಟಿ. ಇವೆರಡನ್ನು ಆಕೆ ಎಂದೂ ಕಲಸಿಲ್ಲ.

ಈಗ ಹಳೆಯ ಬರಹಕ್ಕೆ ಬರೋಣ. ಕನ್ನಡ ಶಾಸನಗಳ ತೆರಿಗೆಯ ಪಟ್ಟಿಗಳಲ್ಲಿ ಬಿಟ್ಟಿ ಎಂಬುದು ಬರುತ್ತದೆ. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಶಬ್ದ ಇದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಷ್ಟಿ ಎಂದರೆ ರಾಜ್ಯವು ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ನಮ್ಮ ನೆರೆಯ ಮರಾಠಿಯಲ್ಲಿ ಅದೇ 'ವೇಠ್', ತೆಲುಗು ತಮಿಳಿನಲ್ಲಿ 'ವೆಟ್ಟಿ'. ತೆಲಂಗಾಣದ ರೈತ ಹೋರಾಟದ ಕತೆ ಓದಿದವರಿಗೆ 'ವೆಟ್ಟಿ ಚಾಕಿರಿ' ಹೊಸದಲ್ಲ. ಕಿಟೆಲ್ಲರ 1894ರ ಕೋಶದಲ್ಲಿಯೂ ಕೂಲಿಯಿಲ್ಲದ ದುಡಿಮೆ ಎಂಬ ಅರ್ಥ ಇದೆ. ಅಂದರೆ ಹಣದಲ್ಲಿ, ಧಾನ್ಯದಲ್ಲಿ ತೆರಿಗೆ ಕಟ್ಟಲಾರದವನಿಂದ ಮೈಯಲ್ಲಿ ವಸೂಲು ಮಾಡುವ ತೆರಿಗೆಯೇ ಬಿಟ್ಟಿ. ಶಾಸನ ಓದುವಾಗ ಒಂದು ಎಚ್ಚರ ಬೇಕು. ದಾನ ಕೊಟ್ಟ ಭೂಮಿಗೆ ಎಲ್ಲ ಬಾಧೆಗಳಿಂದ ಪರಿಹಾರ ಅಂತ ಶಾಸನ ಹೇಳಿದಾಗ, ಆ ಊರಿನ ದುಡಿಯುವವನಿಗೆ ಬಿಡುಗಡೆ ಸಿಕ್ಕಿತು ಅಂತ ನಮ್ಮ ಹುಡುಗರು ಬರೆದುಬಿಡುತ್ತಾರೆ. ಪರಿಹಾರ ಸಿಕ್ಕದ್ದು ದಾನ ಪಡೆದವನಿಗೆ. ಗುಜರಾತಿನ ವಲಭಿಯ ಮೈತ್ರಕರ ತಾಮ್ರಪಟಗಳಲ್ಲಂತೂ ವಿಷ್ಟಿ ಮಾಡಿಸಿಕೊಳ್ಳುವ ಹಕ್ಕನ್ನೇ ಭೂಮಿಯ ಜೊತೆ ದಾನ ಕೊಡುತ್ತಾರೆ. ದುಡಿಯುವವನು ಅಲ್ಲೇ ಇದ್ದ, ದುಡಿಸಿಕೊಳ್ಳುವವನು ಬದಲಾದ.

ಇನ್ನೊಂದು ಎಚ್ಚರ. ದನಿ ಒಂದೇ ಆದ ಮಾತ್ರಕ್ಕೆ ಮಾತು ಒಂದೇ ಅಲ್ಲ. ಹೊಯ್ಸಳ ವಿಷ್ಣುವರ್ಧನನನ್ನು ಬಿಟ್ಟಿದೇವ ಅನ್ನುತ್ತಿದ್ದರು. ಆ ಬಿಟ್ಟಿ 'ವಿಷ್ಣು'ವಿನಿಂದ ಬಂದದ್ದು. ನಮ್ಮ ಬಿಟ್ಟಿಗೂ ಅರಸನ ಬಿಟ್ಟಿಗೂ ಸಂಬಂಧವಿಲ್ಲ. ಇದ್ದಿದ್ದರೆ ಕತೆ ಚಂದ ಆಗುತ್ತಿತ್ತು.

ಬಿಟ್ಟಿ ಎಂಬ ದುಡಿಮೆ ಶಾಸನದ ಕಾಲಕ್ಕೆ ಮುಗಿಯಲಿಲ್ಲ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿಗೆ ಸೇರಿತ್ತು. ಅಂದಿನ ಕಂದಾಯದ ಕಾಗದಗಳಲ್ಲಿ ಬೈಲಹೊಂಗಲ ಸಂಪಗಾಂವ ತಾಲೂಕಿನ, ಸವದತ್ತಿ ಪರಸಗಡ ತಾಲೂಕಿನ ಕಚೇರಿ ಊರುಗಳು. ಇಲ್ಲಿ ಊರಚಾಕರಿ ನಡೆದದ್ದು 1874ರ ಮುಂಬಯಿ ವತನ ಕಾಯಿದೆಯ ಮೇಲೆ. ಮಹಾರಾಷ್ಟ್ರದಲ್ಲಿ ಮಹಾರರು ಮಾಡುತ್ತಿದ್ದ ಚಾಕರಿಯನ್ನು ಇಲ್ಲಿ ಹೊಲೆಯರು ಮಾಡುತ್ತಿದ್ದರು. ಸಾಹೇಬರ ಸಾಮಾನು ಹೊರುವುದು, ಊರಿಂದ ಊರಿಗೆ ಕಾಗದ ಒಯ್ಯುವುದು, ಸತ್ತ ದನ ಎಳೆಯುವುದು, ಕಟ್ಟಿಗೆ ಹುಲ್ಲು ಒದಗಿಸುವುದು. ನಿಮಗೆ ವತನದ ಭೂಮಿ ಇದೆ, ಕಣದಲ್ಲಿ ಆಯ ಇದೆ, ಇದು ಬಿಟ್ಟಿ ಹೇಗಾಯಿತು ಎಂಬುದು ಊರಿನವರ ವಾದ. ಈ ವಾದಕ್ಕೆ ಉತ್ತರ ಕೊಟ್ಟದ್ದು ಅಂಬೇಡ್ಕರ್. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವತನ ಕಾಯಿದೆಗೆ ತಿದ್ದುಪಡಿ ತರುತ್ತ, ಹಗಲು ರಾತ್ರಿ ಯಾವ ಹೊತ್ತಿಗೆ ಕರೆದರೂ ಹೋಗಬೇಕು, ವತನದಾರ ಮನೆಯಲ್ಲಿ ಇಲ್ಲದಿದ್ದರೆ ಅವನ ಅಪ್ಪನನ್ನೋ ಮನೆಯ ಇನ್ನೊಬ್ಬ ಗಂಡಸನ್ನೋ ಹಿಡಿದು ಒಯ್ಯುತ್ತಾರೆ ಎಂದು ಅವರು ತೋರಿಸಿಕೊಟ್ಟರು. ಆ ಮಸೂದೆ ಪಾಸಾಗಲಿಲ್ಲ. ನಮ್ಮ ಕಡೆ ವತನ ಹೋದದ್ದು 1961ರ ಮೈಸೂರು ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ, ಅದು ಜಾರಿಗೆ ಬಂದ 1963ರಲ್ಲಿ. ಅಷ್ಟರೊಳಗೆ ಸಂವಿಧಾನದ 23ನೆಯ ವಿಧಿ ಬೇಗಾರಿಯನ್ನು ನಿಷೇಧಿಸಿತ್ತು. ಅದರ ಇಂಗ್ಲಿಷ್ ಪಾಠದಲ್ಲಿಯೂ 'ಬೇಗಾರ್' ಎಂಬ ನಮ್ಮ ಕಡೆಯ ಶಬ್ದವನ್ನೇ ಇಟ್ಟಿದ್ದಾರೆ, ಇಂಗ್ಲಿಷಿನ ಸಮಾನಪದ ಸಾಲದು ಎಂಬ ಹಾಗೆ.

ಹಾಗಾದರೆ ಮೈಯಿಂದ ಕಿತ್ತುಕೊಂಡದ್ದು ಹೋಗಿ ಪುಕ್ಕಟ ಸಿಕ್ಕದ್ದು ಅಂತ ಅರ್ಥ ಹೇಗಾಯಿತು? ನನ್ನ ಉತ್ತರ ಸರಳ. ಒಂದೇ ಕ್ರಿಯೆಗೆ ಎರಡು ತುದಿ. ಮಾಡಿದವನ ತುದಿಯಲ್ಲಿ ಅದು ಕೂಲಿಯಿಲ್ಲದ ದುಡಿಮೆ, ಮಾಡಿಸಿಕೊಂಡವನ ತುದಿಯಲ್ಲಿ ಅದು ಬೆಲೆಯಿಲ್ಲದೆ ಬಂದ ವಸ್ತು. ಬರೆಯುವ ಕೈ ಮಾಡಿಸಿಕೊಂಡವನದು. ಶಿಷ್ಟ ಕನ್ನಡದಲ್ಲಿ ಉಳಿದದ್ದು ಅವನ ಅರ್ಥ. ಮಾಡಿದವನ ಅರ್ಥ ಕೇರಿಯ ಮುದುಕಿಯರ ಬಾಯಲ್ಲಿ ಉಳಿಯಿತು. ಕೊನೆಗೆ ಅದೇ ಮಾತು ತಿರುಗಿ ಬಂದು, ಬಿಟ್ಟಿ ದುಡಿದವನ ಮೊಮ್ಮಗನಿಗೆ ಬಿಟ್ಟಿ ತಿನ್ನುವವನು ಎಂಬ ಹೆಸರು ಕೊಟ್ಟಿತು. ಅರ್ಥಪಲ್ಲಟ ಎಂದು ಭಾಷಾಶಾಸ್ತ್ರದ ತರಗತಿಯಲ್ಲಿ ನಾವು ಪಾಠ ಹೇಳುವುದು ಇದನ್ನೇ. ಅಲ್ಲಿ ಅರ್ಥ ತಾನಾಗಿಯೇ ಗಾಳಿಗೆ ಸರಿದಂತೆ ಸರಿಯುತ್ತದೆ. ಸರಿಸಿದವರು ಯಾರು ಅಂತ ಯಾರೂ ಕೇಳುವುದಿಲ್ಲ.

ಎರಡನೆಯ ಮಾತು 'ಕುಳ'. 'ದೊಡ್ಡ ಕುಳ ಸಿಕ್ಕಾನ' ಅಂತ ಬೈಲಹೊಂಗಲದ ಪ್ಯಾಟಿಯಲ್ಲಿ ಇವತ್ತಿಗೂ ಕೇಳಬಹುದು. ದುಡ್ಡಿದ್ದ ಆಸಾಮಿ ಎಂಬ ಅರ್ಥ. ಹಳೆಯ ಕಾಗದಪತ್ರಗಳಲ್ಲಿ ಕುಳ ಎಂದರೆ ಕಂದಾಯ ಕಟ್ಟುವವನು. ಮರಾಠಿಯಲ್ಲಿ ಅದೇ ಶಬ್ದ ಗೇಣಿದಾರ ರೈತನಿಗೆ ಸಲ್ಲುತ್ತದೆ. ಆ ಲೆಕ್ಕದಲ್ಲಿ ದೊಡ್ಡ ಕುಳ ಎಂದರೆ ಹೆಚ್ಚು ತೆರಿಗೆ ಕಟ್ಟುವವನು. ಪ್ಯಾಟಿಯ ಚೇಷ್ಟೆಯ ಮಾತಿನೊಳಗೆ ಕಂದಾಯ ಖಾತೆಯ ಒಂದು ಸಾಲು ಬದುಕಿದೆ. ಶಾಸನಗಳಲ್ಲಿ ಬರುವ 'ಕಿರುಕುಳ' ಸಣ್ಣಪುಟ್ಟ ತೆರಿಗೆ. ಇವತ್ತು ವರ್ತಮಾನ ಪತ್ರಿಕೆ ತೆರೆದರೆ ವರದಕ್ಷಿಣೆ ಕಿರುಕುಳ, ಸಾಲಗಾರರ ಕಿರುಕುಳ. ಸಣ್ಣ ತೆರಿಗೆಯ ಹೆಸರೇ ಹಿಂಸೆಯ ಹೆಸರಾಯಿತು. ಇಲ್ಲಿ ಮಾತ್ರ ತೆರಿಗೆ ಕೊಟ್ಟವನ ಅರ್ಥ ಗೆದ್ದಿದೆ. ಯಾಕೆಂದರೆ ಸಣ್ಣ ತೆರಿಗೆಯನ್ನು ಒಕ್ಕಲಿಗ, ವ್ಯಾಪಾರಿ, ಗಾಣಿಗ, ನೇಕಾರ ಎಲ್ಲರೂ ಕೊಟ್ಟಿದ್ದರು. ಅವರ ನೋವಿಗೆ ಬರವಣಿಗೆಯೊಳಗೆ ಬರಲು ದಾರಿ ಇತ್ತು. ಬಿಟ್ಟಿಯ ನೋವಿಗೆ ಆ ದಾರಿ ಇರಲಿಲ್ಲ.

ಇದೇ ಕುಳದಿಂದ ಎರಡು ಹೆಸರುಗಳು ಹುಟ್ಟಿವೆ, ಕುಲಕರ್ಣಿ ಮತ್ತು ಕುಳವಾಡಿ. ಕುಲಕರ್ಣಿ ಎಂಬುದನ್ನು ಕುಳಗಳ ಲೆಕ್ಕ ಬರೆಯುವ ಕರಣಿಕ ಎಂದು ಬಿಡಿಸುವುದು ಸಾಮಾನ್ಯವಾಗಿ ಒಪ್ಪಿದ ಮಾತು. ಕುಳವಾಡಿ ಅದೇ ಕುಳಗಳನ್ನು ಮನೆಮನೆಗೆ ಹೋಗಿ ಕರೆಯುವವನು, ಊರ ಹೊಲೆಯ. ಒಂದೇ ಚಾವಡಿ, ಒಂದೇ ಕೆಲಸದ ಎರಡು ಅರ್ಧ. ಒಬ್ಬ ಒಳಗೆ ಕೂತು ಬರೆಯುತ್ತಿದ್ದ, ಇನ್ನೊಬ್ಬ ಹೊರಗೆ ನಿಂತು ಕೂಗುತ್ತಿದ್ದ. ಒಂದು ಅಡ್ಡಹೆಸರಾಗಿ ಲಗ್ನಪತ್ರಿಕೆಯ ಮೇಲೆ ಬಂತು. ಇನ್ನೊಂದನ್ನು ನಮ್ಮ ಹುಡುಗರು ಶಾಲೆಯ ದಾಖಲೆಯಿಂದ ತೆಗೆಸಲು ಓಡಾಡುತ್ತಾರೆ. ತೆಗೆಸುವುದು ತಪ್ಪು ಅಂತ ನಾನು ಹೇಳಲಾರೆ. ಆ ಹೆಸರು ಹಾಕಿಕೊಂಡು ಭಾಡಿಗೆ ಮನೆ ಕೇಳಿ ನೋಡಿದವನಿಗೆ ಅದರ ತೂಕ ಗೊತ್ತು. ಆದರೆ ತೆಗೆಸುವ ಮುಂಚೆ ಒಳಗೆ ಏನಿದೆ ಅಂತ ನೋಡಿ ತೆಗೆಸಬೇಕು.

ನೋಡಿದರೆ ಎರಡು ಸಂಗತಿ ಕಾಣುತ್ತವೆ. ಮೊದಲನೆಯದು, ಘಟಪ್ರಭೆ ಕೃಷ್ಣೆ ದಾಟಿ ಮರಾಠಿ ಸೀಮೆಗೆ ಹೋದರೆ ಕುಳವಾಡಿ ಎಂದರೆ ರೈತ. ಜೋತಿರಾವ್ ಫುಲೆ 1869ರಲ್ಲಿ ಬರೆದ ಪವಾಡದಲ್ಲಿ ಶಿವಾಜಿಗೆ ಕೊಟ್ಟ ಬಿರುದು 'ಕುಳವಾಡಿ ಭೂಷಣ'. ಅಲ್ಲಿ ಅರಸನಿಗೆ ಭೂಷಣವಾದ ಶಬ್ದ ಇಲ್ಲಿ ಕೇರಿಗೆ ಕಟ್ಟಿದ ಗುರುತು. ಶಬ್ದದೊಳಗೇ ಕೀಳು ಮೇಲು ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಎರಡನೆಯದು ದಕ್ಷಿಣದ್ದು, ಮೈಸೂರು ಸೀಮೆಯದು. ಅಲ್ಲಿ ಅಧಿಕಾರಿಯಾಗಿದ್ದ ಮೆಕೆಂಜಿ 1870ರ ದಶಕದಲ್ಲಿ ಬರೆದಿಟ್ಟ, ಆಮೇಲೆ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ಎತ್ತಿ ಹಾಕಿದ ಒಂದು ಪದ್ಧತಿ ಇದೆ. ಎರಡು ಊರಿನ ನಡುವೆ ಗಡಿಯ ತಂಟೆ ಬಂದರೆ ಕುಳವಾಡಿ ಊರಿನ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಗಡಿಯ ಗುಂಟ ನಡೆಯಬೇಕು. ಅವನು ನಡೆದದ್ದೇ ಗಡಿ. ದಾರಿ ತಪ್ಪಿದರೆ ಉಂಡೆ ಒಡೆಯುತ್ತದೆ, ಅವನು ಹದಿನೈದು ದಿನದೊಳಗೆ ಸಾಯುತ್ತಾನೆ, ಮನೆ ಹಾಳಾಗುತ್ತದೆ ಎಂಬ ನಂಬಿಗೆ. ಸಾಹೇಬ ಇದನ್ನು ಸೋಜಿಗವೆಂದು ಬರೆದ. ನಾವು ಎರಡು ಸಲ ಓದಬೇಕು. ಊರಿನ ನೆಲದ ಅಂಚು ಯಾರ ಕಾಲಿಗೆ ಗೊತ್ತಿತ್ತೋ ಅವನಿಗೆ ಆ ನೆಲದೊಳಗೆ ಬಾವಿ ಮುಟ್ಟುವ ಹಕ್ಕಿರಲಿಲ್ಲ. ಸಾಕ್ಷಿ ಹೇಳಿದ್ದಕ್ಕೆ ಜೀವವನ್ನೇ ಒತ್ತೆ ಇಡಬೇಕಿತ್ತು. ಇದನ್ನು 'ನಾವೇ ಮೂಲದ ಒಡೆಯರು' ಎಂದು ಹಿಗ್ಗುವುದಕ್ಕೆ ಮಾತ್ರ ಬಳಸುವವರ ಜೊತೆ ನನ್ನ ತಕರಾರಿದೆ. ಅದರೊಳಗಿನ ಹೆದರಿಕೆಯನ್ನು ಬಿಟ್ಟರೆ ಅರ್ಧ ಪಠ್ಯ ಬಿಟ್ಟ ಹಾಗೆ.

ಹೊಲೆಯ ಎಂಬ ಶಬ್ದದ ಚರ್ಚೆಯೂ ಇಲ್ಲಿಗೇ ತಾಗುತ್ತದೆ. 'ಹೊಲ'ದಿಂದ ಹೊಲೆಯ, ಅಂದರೆ ಹೊಲದವನು, ನೆಲದ ಮೂಲದವನು ಎಂಬ ವ್ಯುತ್ಪತ್ತಿಯನ್ನು ಇಂಗ್ಲಿಷ್ ಅಧಿಕಾರಿಗಳೂ ಬರೆದಿದ್ದಾರೆ, ನಮ್ಮ ಭಾಷಣಗಳ ತುಂಬ ಇದೆ. ನನಗೂ ಅದು ಪ್ರೀತಿಯ ಮಾತು. ಆದರೆ ದ್ರಾವಿಡ ಭಾಷೆಗಳ ದನಿಯ ಲೆಕ್ಕದಲ್ಲಿ ಹೊಲ ತಮಿಳಿನ 'ಪುಲಂ' ಕಡೆಗೆ, ಹೊಲೆ ತಮಿಳಿನ 'ಪುಲೈ' ಕಡೆಗೆ ಹೋಗುತ್ತದೆ. ಪುಲೈ ಎಂದರೆ ಮೈಲಿಗೆ. ಬೇರು ಹುಡುಕಿದರೆ ಬಿಡುಗಡೆ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಒಂದೊಂದು ಬೇರು ತನಕವೂ ಕಹಿಯೇ ಇರುತ್ತದೆ. ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟಾಗ ಯಾವ ವ್ಯುತ್ಪತ್ತಿಯ ಆಸರೆಯನ್ನೂ ಕೇಳಲಿಲ್ಲ. ಶಬ್ದವನ್ನು ಇದ್ದ ಹಾಗೆಯೇ ಎತ್ತಿ ರಟ್ಟಿನ ಮೇಲೆ ಹಾಕಿದರು. ಅದರ ಅರ್ಥ ಅಲ್ಲಿಂದ ಮುಂದೆ ಬದಲಾಯಿತು. ಶಬ್ದದ ಇತಿಹಾಸ ಎಂದರೆ ಹಿಂದಕ್ಕೆ ಹೋಗುವುದಷ್ಟೇ ಅಲ್ಲ.

ಶಬ್ದದ ಬೆನ್ನು ಹತ್ತಿ ಜನದ ಇತಿಹಾಸ ಬರೆಯುವ ಈ ದಾರಿ ನಮ್ಮ ಸೀಮೆಗೆ ಹೊಸದಲ್ಲ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂ.ಬಾ. ಜೋಶಿಯವರು ಊರ ಹೆಸರು, ಕುಲದ ಹೆಸರು, ದೇವರ ಹೆಸರುಗಳಿಂದಲೇ ಕನ್ನಡ ನಾಡಿನ ಕತೆ ಕಟ್ಟಿದವರು. ಅವರ ತೀರ್ಮಾನಗಳಲ್ಲಿ ಎಷ್ಟು ನಿಂತವು ಎಂಬುದು ಬೇರೆ ಮಾತು. ಒಂದು ಶಬ್ದವನ್ನು ಕಲ್ಲಿನ ಶಾಸನದಷ್ಟೇ ಗಂಭೀರವಾದ ದಾಖಲೆ ಎಂದು ಓದುವ ಧೈರ್ಯ ಅವರದು. ಅವರು ಕೇಳಿದ ಪ್ರಶ್ನೆ 'ಈ ಜನ ಎಲ್ಲಿಂದ ಬಂದರು' ಎಂಬುದು. ದಲಿತ ವಿಮರ್ಶೆ ಕೇಳಬೇಕಾದದ್ದು ಬೇರೆ. ಈ ಮಾತನ್ನು ಯಾರು, ಯಾರಿಗೆ, ಎಲ್ಲಿ ನಿಂತು ಆಡುತ್ತಿದ್ದರು?

ಈ ಪ್ರಶ್ನೆ ಹಿಡಿದು ವಚನಗಳಿಗೆ ಹೋದರೆ ಕಸುಬಿನ ಮಾತುಗಳು ಬೇರೆಯೇ ಕಾಣುತ್ತವೆ. ಮಾದಾರ ಚೆನ್ನಯ್ಯನ ಅಂಕಿತವನ್ನೇ ತೆಗೆದುಕೊಳ್ಳಿ. ಉಳಿದ ಶರಣರ ಅಂಕಿತಗಳಲ್ಲಿ ದೇವರ ಹೆಸರಿದ್ದರೆ ಇವನದರಲ್ಲಿ ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಮೂರು ಸಲಕರಣೆಗಳಿವೆ, ಇವಕ್ಕೆ ಅಡಿಯಾಗಬೇಡ ಎಂಬ ಎಚ್ಚರಿಕೆ ಇದೆ, ಆಮೇಲೆ ನಿಜಾತ್ಮರಾಮ ಬರುತ್ತಾನೆ. ತರಗತಿಯಲ್ಲಿ ನಾವು ಕೊನೆಯ ಭಾಗವನ್ನು ಹಿಡಿದು ಅಧ್ಯಾತ್ಮ ಹೇಳಿ, ಮೊದಲನೆಯದನ್ನು 'ಚಮ್ಮಾರಿಕೆಯ ಉಪಕರಣಗಳು' ಎಂದು ಒಂದೇ ಗೆರೆಯಲ್ಲಿ ಮುಗಿಸುತ್ತೇವೆ. ನಾನೂ ಹಾಗೇ ಮುಗಿಸುತ್ತಿದ್ದೆ. ಒಂದು ದಿನ ಬೈಲಹೊಂಗಲದ ಸಮಗಾರ ಹಿರಿಯರೊಬ್ಬರ ಮುಂದೆ ಕೂತು ಆ ಮೂರು ಹೆಸರು ಹೇಳಿದೆ. ಉಳಿ ಅವರ ಕೈಯಲ್ಲೇ ಇತ್ತು. ಕತ್ತಿಗೆ ಅವರು 'ರಂಪಗಿ' ಅಂದರು. ಅಡಿಗೂಂಟ ಎಂಬ ಶಬ್ದ ಕೇಳಿಲ್ಲ ಅಂದರು. ಆಮೇಲೆ ತೊಡೆಯ ಮುಂದಿದ್ದ ಕಟ್ಟಿಗೆಯ ದಿಮ್ಮಿಯನ್ನು ತಟ್ಟಿ, 'ಅಡಿಗಿ ಒಂದು ಇರಾಕಬೇಕಲ್ರಿ, ಇದ್ರ ಮ್ಯಾಲಾ ತೊಗಲ ಕೊಯ್ಯೂದು. ಇದಕ್ಕ ತಲಿ ಬಗ್ಗಿಸ್ಲಿಕ್ಕಂದ್ರ ಕೆಲಸ ಆಗೂದಿಲ್ಲ' ಎಂದರು.

ಶಬ್ದ ಸತ್ತಿದೆ, ವಸ್ತು ಬದುಕಿದೆ, ವಸ್ತುವಿನ ಮುಂದೆ ಕೂಡುವ ಭಂಗಿ ಬದುಕಿದೆ. 'ಅಡಿಯಾಗು' ಎಂಬುದು ಬರಿಯ ರೂಪಕವಲ್ಲ, ದಿನಕ್ಕೆ ಹತ್ತು ತಾಸು ಬಗ್ಗಿದ ಕತ್ತಿನ ಅನುಭವ ಎಂದು ನನಗೆ ಅವತ್ತು ತಿಳಿಯಿತು. ಚೆನ್ನಯ್ಯ ಕಸುಬು ಬಿಡು ಅನ್ನುವುದಿಲ್ಲ. ಅದರ ಕೆಳಗೆ ಬೀಳಬೇಡ ಅನ್ನುತ್ತಾನೆ. ಕಾಯಕವನ್ನು ಕೊಂಡಾಡುವ ನಮ್ಮ ಭಾಷಣಕಾರರು ಈ ವ್ಯತ್ಯಾಸವನ್ನು ಗಮನಿಸಿದರೆ ಚಲೋ ಆಗುತ್ತಿತ್ತು. ಕಿತ್ತೂರಿನಿಂದ ಬಹಳ ದೂರವಲ್ಲದ ಕಕ್ಕೇರಿ ಡೋಹರ ಕಕ್ಕಯ್ಯನ ನೆಲೆ. ಡೋಹರ ಎಂದರೆ ತೊಗಲು ಹದ ಮಾಡುವವನು. ಬಸವಣ್ಣ ಅವನನ್ನು 'ಬೊಪ್ಪ' ಎಂದು ಕರೆಯುತ್ತಾನೆ. ಬೊಪ್ಪ ಎಂದರೆ ಅಪ್ಪ. ಈಗ ಆ ಸಂಬಂಧವಾಚಕವೇ ಬಳಕೆಯಲ್ಲಿ ಇಲ್ಲ, ಡೋಹರ ಎಂಬ ಜಾತಿಯ ಹೆಸರು ಮಾತ್ರ ಇದೆ. ಉಳಿದದ್ದು ಯಾವುದು, ಮರೆತದ್ದು ಯಾವುದು ನೋಡಿ.

ಇದೇ ಬಗೆಯಲ್ಲಿ ಸೂಳೆ ಸಂಕವ್ವೆ. ಆಕೆಯದು ಸಿಕ್ಕಿರುವುದು ಒಂದೇ ವಚನ. ಅದರೊಳಗಿನ ಬೀಗದ ಕೈ 'ಒತ್ತೆ' ಎಂಬ ಶಬ್ದ. ಒಬ್ಬನಿಂದ ಒತ್ತೆ ಹಿಡಿದ ಮೇಲೆ ಇನ್ನೊಂದು ಒತ್ತೆ ಹಿಡಿಯಲಾರೆ ಎಂಬ ನೇಮ ಅಲ್ಲಿದೆ. ಟಿಪ್ಪಣಿಗಳು ಒತ್ತೆಗೆ ಸೂಳೆಯ ಹಣ ಎಂದು ಅರ್ಥ ಕೊಡುತ್ತವೆ. ತಪ್ಪಲ್ಲ. ಆದರೆ ನಮ್ಮ ಕಡೆ ಸಾವಕಾರನ ಹತ್ತಿರ ಬಂಗಾರ, ಹೊಲ ಅಡವು ಇಡುವುದಕ್ಕೆ ಇವತ್ತೂ 'ಒತ್ತಿ ಇಡೂದು' ಎನ್ನುತ್ತಾರೆ, ಮತ್ತು ವರ್ತಮಾನ ಪತ್ರಿಕೆಯ ಒತ್ತೆಯಾಳು ಎಲ್ಲರಿಗೂ ಗೊತ್ತು. ಬಿಡಿಸಿಕೊಳ್ಳುವ ತನಕ ಇನ್ನೊಬ್ಬನ ಕೈಯಲ್ಲಿ ಇರುವುದು ಒತ್ತೆ. ಆ ಕಸುಬಿನ ಹೆಣ್ಣುಮಕ್ಕಳ ನಡುವಿನ ಲೆಕ್ಕದ ಮಾತು ಇದಾಗಿದ್ದಿರಬೇಕು: ಇವಳು ಇವತ್ತು ಇಂಥವನ ಒತ್ತೆಯಲ್ಲಿದ್ದಾಳೆ. ಸಂಕವ್ವೆ ಆ ಸಣ್ಣ ಕಸುಬಿನ ಮಾತನ್ನು ಎತ್ತಿಕೊಂಡು ಶಿವನ ಎದುರು ಇಡುತ್ತಾಳೆ. ಒತ್ತೆಯನ್ನು ಹಣ ಎಂದಷ್ಟೇ ಓದಿದರೆ ಆಕೆಯ ನಿಷ್ಠೆ ಕಾಣುತ್ತದೆ, ಅಡವು ಎಂದು ಓದಿದರೆ ಆಕೆಯ ಸೆರೆಯೂ ಕಾಣುತ್ತದೆ.

ಸವದತ್ತಿಯ ಎಲ್ಲಮ್ಮನ ಗುಡ್ಡದ ಸುತ್ತ ಇಂಥ ಮುಚ್ಚುಮಾತುಗಳು ಇನ್ನೂ ಇವೆ. 'ಮುತ್ತು ಕಟ್ಟೂದು' ಎನ್ನುವಾಗ ಆ ಮುತ್ತಿನಲ್ಲಿ ಮುತ್ತಿಲ್ಲ ಅಂತ ಎಲ್ಲರಿಗೂ ಗೊತ್ತು. 1934ರ ಮುಂಬಯಿ ಕಾಯಿದೆ, 1982ರ ಕರ್ನಾಟಕ ಕಾಯಿದೆ ಎರಡೂ ಅದನ್ನು ನಿಷೇಧಿಸಿವೆ. ಕಾಯಿದೆಯ ಭಾಷೆಯಲ್ಲಿ ಅದು 'ಸಮರ್ಪಣೆ'. ಕೇರಿಯ ಯಾವ ಹೆಂಗಸೂ ನನ್ನ ಮುಂದೆ ಆ ಶಬ್ದ ಬಳಸಿಲ್ಲ. ಈ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಅವರ ಮಾತನ್ನು ಅವರ ಮಕ್ಕಳೇ ಬರೆಯತೊಡಗಿದ್ದಾರೆ, ಅದು ನನಗಿಂತ ಚಲೋ ಇರುತ್ತದೆ.

ಕಿತ್ತೂರಿನ ಬಗ್ಗೆ ಒಂದು ಮಾತು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು, ಹಲಗಲಿ ಬೇಡರ ಲಾವಣಿಯನ್ನು ಫ್ಲೀಟ್ 1880ರ ದಶಕದಲ್ಲಿ ಅಚ್ಚಿಗೆ ತಂದ. ಸವದತ್ತಿಯ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದವನೂ ಅವನೇ. ರಾಯಣ್ಣನ ದಂಗೆಯ ಹಿಂದೆ ಇದ್ದದ್ದು ಊರಚಾಕರಿಯ ಭೂಮಿ. 'ಶೇತಸನದಿ' ಎಂಬ ಶಬ್ದದಲ್ಲಿ ಹೊಲವೂ ಇದೆ, ಹೊಲಕ್ಕೆ ಕೊಟ್ಟ ಕಾಗದವೂ ಇದೆ. 'ವಾಲೀಕಾರ' ಎಂಬುದರಲ್ಲಿ ಓಲೆ ಇದೆ. ಇವತ್ತು ಸನದಿ, ವಾಲೀಕಾರ ಎರಡೂ ಬರಿಯ ಅಡ್ಡಹೆಸರು. ಕಾಗದ ಹೊತ್ತವನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಅವನ ಹೆಸರೇ ಓಲೆ.

ಇನ್ನು ಕೆಲಸದ ಮಾತು. ಈ ಬಗೆಯ ಹುಡುಕಾಟಕ್ಕೆ ಇಳಿಯುವವರು ನಿಘಂಟಿನಿಂದ ಸುರು ಮಾಡಬಾರದು ಎಂಬುದು ನನ್ನ ಅನುಭವ. ನಿಘಂಟು ನೋಡಿದ ಮೇಲೆ ಕಿವಿ ಮುಚ್ಚುತ್ತದೆ. ಮೊದಲು ಮಾತಿನ ಜೊತೆ ಯಾವ ಕ್ರಿಯಾಪದ ಬರುತ್ತದೆ ಅಂತ ಕೇಳಿಸಿಕೊಳ್ಳಬೇಕು, ಆಮೇಲೆ ಹಳೆಯ ಬರಹಕ್ಕೆ ಹೋಗಬೇಕು, ಕೋಶ ಕೊನೆಗೆ. ಆಪತ್ತುಗಳೂ ಇವೆ. ಸಂಸ್ಥಾನಗಳ ಹಳೆಯ ಮರಾಠಿ ಕಾಗದಗಳು ಮೋಡಿ ಲಿಪಿಯಲ್ಲಿವೆ. ಮೋಡಿ ಓದಬಲ್ಲವರು ನಮ್ಮ ಓಣಿಗಳಲ್ಲಿ ಯಾರೂ ಇಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ನಾಲ್ಕು ಜನ ಮೋಡಿ ಕಲಿತರೆ ದಲಿತ ಸಾಹಿತ್ಯದ ಮೇಲಿನ ನಲವತ್ತು ವಿಚಾರ ಸಂಕಿರಣಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಅತ್ತ ಬಾಯಿ ಮಾತಿನ ದಫ್ತರ ದಿನಾ ಒಂದೊಂದೇ ಸುಡುಗಾಡಿಗೆ ಹೋಗುತ್ತಿದೆ. 1963ಕ್ಕೆ ಮುಂಚೆ ಬಿಟ್ಟಿಗೆ ಹೋದವರಲ್ಲಿ ಈಗ ಉಳಿದವರು ಎಂಬತ್ತರ ಮೇಲಿನವರು.

ನಮ್ಮ ಆಯಿ ಅವರಲ್ಲಿ ಒಬ್ಬಳ ಮಗಳಲ್ಲ, ಒಬ್ಬನ ಮಗಳು. ಆದರೂ ಆ ಅರ್ಥ ಅವಳಲ್ಲಿ ಗಟ್ಟಿಯಾಗಿದೆ. 2023ರ ಜೂನಿನಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿಲ್ಲದ ಪ್ರಯಾಣ ಸುರುವಾದಾಗ ಟೀವಿಯಲ್ಲಿ, ಕಟ್ಟೆಯಲ್ಲಿ ಎಲ್ಲ ಕಡೆ 'ಬಿಟ್ಟಿ ಭಾಗ್ಯ' ಎಂಬ ಮಾತು ಎದ್ದಿತು. ಆ ಮಳೆಗಾಲ ಆಯಿಯನ್ನು ಬೈಲಹೊಂಗಲದಿಂದ ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೊರಟಿದ್ದೆ. ಬಸ್ಸು ತುಂಬಿ ಹೆಂಗಸರು. ಹಿಂದಿನ ಸೀಟಿನಿಂದ ಯಾರೋ, 'ಬಿಟ್ಟಿ ಬಸ್ ಐತಿ, ಹತ್ರಿ ಹತ್ರಿ' ಎಂದು ನಕ್ಕರು. ನನಗೆ ಎಂಟನೆಯ ಇಯತ್ತೆ ನೆನಪಾಯಿತು, ತಿರುಗಿ ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಆಯಿ ನನ್ನ ತೋಳು ಜಗ್ಗಿ, ಮುಂದೆ ಸ್ಟೇರಿಂಗ್ ಹಿಡಿದು ಕೂತ ಹುಡುಗನ ಕಡೆ ನೋಡುತ್ತ, ಸಣ್ಣ ದನಿಯಲ್ಲಿ ಕೇಳಿದಳು.

'ಹಂಗಾರ ಅಂವಗ ಪಗಾರ ಕೊಡೂದಿಲ್ಲೇನೋ ತಮ್ಮಾ?'